‘ಬಾ’ ಅಂದರೆ ಏನು ಮಾಡುತ್ತೀಯ?

ಕೂಸೇ,

ನಿನ್ನಮ್ಮ ಫೋನಿನಲ್ಲಿ ಅರ್ಧ ಗಂಟೆ ನಿನ್ನದೇ ಪುರಾಣ ಹೇಳಿದಳು. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಮೊಬೈಲು, ಸ್ನಾನಕ್ಕೆ ಹೋದರೆ ಕಿಟಕಿ ಮೇಲೆ ಮೊಬೈಲು, ರಾತ್ರಿ ಎರಡು ಗಂಟೆಗೆ ಎದ್ದು ಫೆಲೋಶಿಪ್ಪಿನ ಉತ್ತರ ಬಂತೇ ಅಂತ ಸ್ಪ್ಯಾಮ್ ಫೋಲ್ಡರ್ ನೋಡುತ್ತೀಯಂತೆ. ಟೀಚ್ ಫಾರ್ ಇಂಡಿಯಾದವರಿಗೆ ರಾತ್ರಿ ಎರಡಕ್ಕೆ ಎದ್ದು ಕೂತು ಮೇಲ್ ಕಳಿಸುವಷ್ಟು ಪುರುಸೊತ್ತಿಲ್ಲ ಅಂತ ನಾನಂತೂ ನಂಬಿದ್ದೇನೆ. ‘ಅಕ್ಕಾ, ನೀನಾದರೂ ಒಂದು ಮಾತು ಹೇಳು’ ಅಂದಳು. ‘ಧೈರ್ಯವಾಗಿರು, ಆಗುವುದೆಲ್ಲ ಒಳ್ಳೆಯದಕ್ಕೆ’ ಅನ್ನುವುದಕ್ಕೆ ದೊಡ್ಡಮ್ಮ ಯಾಕೆ ಬೇಕು, ವಾಟ್ಸಾಪಿನ ಶುಭೋದಯದ ಹೂವಿನ ಚಿತ್ರ ಸಾಕು. ನನಗೆ ಹೇಳುವುದಿರುವುದು ಬೇರೆ. ಅವರು ‘ಬೇಡ’ ಅಂದರೆ ಏನು ಗತಿ ಅಂತ ನೀನು ನೂರು ಸಲ ಯೋಚಿಸಿದ್ದೀಯ. ‘ಬಾ’ ಅಂದರೆ ಏನು ಮಾಡುತ್ತೀಯ ಅಂತ ಒಂದು ಸಲವೂ ಯೋಚಿಸಿದಂತೆ ಕಾಣಲಿಲ್ಲ.

ಮೊದಲು ನಿನ್ನನ್ನು ಕೊರೆಯುತ್ತಿರುವ, ಸಂದರ್ಶನದಲ್ಲಿ ಮಾಡಿದ ಆ ಮಾದರಿ ಪಾಠದ ವಿಷಯ ಮುಗಿಸಿಬಿಡೋಣ. ಭಿನ್ನರಾಶಿ ತಗೊಂಡಿದ್ದೆ. ಮಗುವಿನ ಹಾಗೆ ಕೂತಿದ್ದ ಒಬ್ಬರು ‘ಮಿಸ್, ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾದರೆ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು’ ಅಂದರು. ನೀನು ‘ತಪ್ಪು’ ಅಂತ ಹೇಳಿ ಸರಿ ಉತ್ತರ ಬೋರ್ಡಿನ ಮೇಲೆ ಬರೆದುಬಿಟ್ಟೆ. ಈಗ ಅದೇ ತಲೆಯಲ್ಲಿ ಗಿರಗಿರ ತಿರುಗುತ್ತಿದೆ. ಆ ಐದಾರು ನಿಮಿಷದಿಂದ ನೋಡುವವರಿಗೆ ಏನು ಗೊತ್ತಾಗುತ್ತದೆ? ನಾನೂ ಅತಿಥಿ ಶಿಕ್ಷಕರಾಗಿ ಬರುವವರ ಪಾಠ ಕೇಳುತ್ತ ಹಿಂದಿನ ಬೆಂಚಿನಲ್ಲಿ ಕೂತವಳು. ಬೋರ್ಡಿನ ಅಕ್ಷರ ವಾಲಿದರೆ, ಒಂದು ಮಾತು ತೊದಲಿದರೆ ಯಾರೂ ಅಂಕ ಕಳೆಯುವುದಿಲ್ಲ. ಮಗು ತಪ್ಪು ಹೇಳಿದಾಗ ಇವಳ ಕಣ್ಣು ಮಗುವಿನ ಕಡೆ ಹೋಗುತ್ತದೋ ಗಡಿಯಾರದ ಕಡೆ ಹೋಗುತ್ತದೋ, ಅದನ್ನು ನೋಡುತ್ತಿದ್ದೆ. ನಿನ್ನ ಕಣ್ಣು ಅವತ್ತು ಎಲ್ಲಿತ್ತು ಅನ್ನುವುದು ನಿನಗೇ ಗೊತ್ತು. ಅವರು ಬರೆದುಕೊಂಡಿದ್ದಾಯಿತು, ಇನ್ನು ತಿದ್ದುವುದಕ್ಕೆ ಬರುವುದಿಲ್ಲ.

ಆದರೆ ಆ ತಪ್ಪು ಉತ್ತರ ಇದೆಯಲ್ಲ, ಅದು ನಿಜವಾದ ಮಕ್ಕಳ ಬಾಯಲ್ಲಿ ಪ್ರತಿ ವರ್ಷ ಬರುವಂಥದು. ಅದನ್ನು ಸುಮ್ಮನೆ ಬಿಡಬೇಡ. ಒಂದೇ ಅಳತೆಯ ಎರಡು ಕಾಗದ ಕೊಡು, ಒಂದನ್ನು ಮೂರು ಪಾಲು, ಇನ್ನೊಂದನ್ನು ನಾಲ್ಕು ಪಾಲು ಮಾಡಿಸು. ಮೂರು ಪಾಲು ಮಡಿಸುವುದು ಮಕ್ಕಳಿಗೆ ಕಷ್ಟ, ಅದಕ್ಕೇ ಮೊದಲೇ ಗೆರೆ ಹಾಕಿಟ್ಟಿರಬೇಕು. ಕತ್ತರಿಸಿದ ತುಂಡನ್ನು ಒಂದರ ಮೇಲೊಂದು ಇಟ್ಟು ನೋಡಿದ ಮೇಲೆ ಬಾಯಲ್ಲಿ ಹೇಳುವ ಕೆಲಸವೇ ಇರುವುದಿಲ್ಲ. ನಾನು ಒಂದು ಸಲ ಕಾಗದದ ಬದಲು ರೊಟ್ಟಿ ಅಂತ ಬಾಯಲ್ಲೇ ಹೇಳಿದೆ. ಮೂರನೇ ಸಾಲಿನ ಹುಡುಗಿ ಎದ್ದು ನಿಂತು, ‘ಮಿಸ್, ನಾಲ್ಕು ಜನ ಇದ್ದರೆ ನಮ್ಮಮ್ಮ ರೊಟ್ಟೀನೇ ದೊಡ್ಡದು ತಟ್ಟುತ್ತಾಳೆ’ ಅಂದಳು. ತರಗತಿಯೆಲ್ಲ ಹೌದು ಹೌದು ಅಂತು. ಎರಡೂ ಒಂದೇ ಅಳತೆಯವು ಆಗಿರಬೇಕು ಅನ್ನುವುದನ್ನು ಯಾಕೆ ಒತ್ತಿ ಹೇಳಬೇಕು ಅನ್ನುವುದು ಅವತ್ತು ತರಗತಿಗೆ ಅವಳಿಂದಲೇ ಗೊತ್ತಾಯಿತು.

ನಿನ್ನ ಜೊತೆ ಸಂದರ್ಶನ ಮುಗಿಸಿದವರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೀರಂತೆ. ಅದನ್ನು ಮ್ಯೂಟ್ ಮಾಡು. ಅಲ್ಲಿರುವವರಲ್ಲಿ ಯಾರಿಗೂ ನಿನಗಿಂತ ಒಂದು ಅಕ್ಷರ ಹೆಚ್ಚು ಗೊತ್ತಿಲ್ಲ. ಗೊತ್ತಿಲ್ಲದವರು ಐವತ್ತು ಜನ ಒಂದೆಡೆ ಕೂತರೆ ಸುದ್ದಿ ಹುಟ್ಟುವುದಿಲ್ಲ, ಗಾಬರಿ ಹುಟ್ಟುತ್ತದೆ. ಇನ್ನು ಚಾಮುಂಡಿ ಬೆಟ್ಟ ಮೆಟ್ಟಿಲು ಹತ್ತುತ್ತೇನೆ ಅಂತ ಹರಕೆ ಹೊತ್ತಿದ್ದೀಯಂತೆ. ಹತ್ತು. ಸಾವಿರ ಮೆಟ್ಟಿಲು, ನಿನ್ನ ವಯಸ್ಸಿಗೆ ಲೆಕ್ಕವೇ ಅಲ್ಲ, ಅಷ್ಟು ಹೊತ್ತು ಬೆರಳಿಗೂ ಬಿಡುವು ಸಿಗುತ್ತದೆ.

ಆ ಸಾಫ್ಟ್‌ವೇರ್ ಕಂಪನಿಯ ಆಫರ್ ಲೆಟರ್ ಮಾತ್ರ ಹರಕೆಯಿಂದ ಬಗೆಹರಿಯುವಂಥದಲ್ಲ. ಉತ್ತರ ಕೊಡಬೇಕಾದ ತಾರೀಕು ಹತ್ತಿರ ಬಂದಿದೆ, ಇತ್ತ ಫೆಲೋಶಿಪ್ಪಿನಿಂದ ಸುದ್ದಿ ಇಲ್ಲ. ಇಲ್ಲೂ ಹೂಂ ಅಂದಿಟ್ಟು ಅಲ್ಲಿ ಬಂದರೆ ಕೈಕೊಟ್ಟರಾಯಿತು ಅಂತ ನಿನ್ನ ಗೆಳತಿ ಬುದ್ಧಿ ಹೇಳಿದಳಂತೆ. ಹಾಗೆ ಮಾಡುವವರು ಬೇಕಾದಷ್ಟು ಜನ, ನೀನು ಆ ಸಾಲಿಗೆ ಸೇರುವುದು ನನಗೆ ಇಷ್ಟವಿಲ್ಲ. ಕಂಪನಿಯ ಎಚ್‌ಆರ್‌ಗೆ ನಾಲ್ಕು ಸಾಲು ಬರೆ: ಇನ್ನೊಂದು ಕಡೆ ಆಯ್ಕೆ ಪ್ರಕ್ರಿಯೆಯಲ್ಲಿದ್ದೇನೆ, ಇಂಥ ತಾರೀಕಿನವರೆಗೆ ಸಮಯ ಕೊಡಲಾದೀತೇ ಅಂತ. ಫೆಲೋಶಿಪ್ಪಿನವರಿಗೂ ಅದನ್ನೇ ಬರೆ: ಕೈಯಲ್ಲಿ ಒಂದು ಕೆಲಸವಿದೆ, ಉತ್ತರ ಕೊಡಬೇಕಾದ ಗಡುವು ಇಂಥದು, ನಿಮ್ಮ ತೀರ್ಮಾನ ಸುಮಾರು ಯಾವಾಗ ಬಂದೀತು ಅಂತ. ಒಂದೇ ಸಲ ಬರೆ. ಕೇಳಿದರೆ ಸಿಟ್ಟಾಗುತ್ತಾರೆ ಅನ್ನುವುದು ನಿನ್ನ ಭ್ರಮೆ. ಅರ್ಜಿ ಹಾಕಿದವರು ಗಡುವು ತಿಳಿಸುವುದು ಅವರಿಗೂ ಹೊಸದೇನಲ್ಲ. ಅಪ್ಪನಿಗೆ ಸಂಬಳದ ವ್ಯತ್ಯಾಸವನ್ನು ಬಚ್ಚಿಡಬೇಡ. ಎರಡು ವರ್ಷ ಎಷ್ಟು ಕಡಿಮೆ ಬರುತ್ತದೆ, ಶಿಕ್ಷಣ ಸಾಲದ ಕಂತು ಯಾವಾಗ ಶುರು, ಬೆಂಗಳೂರಿನ ಪಿಜಿ ಬಾಡಿಗೆ ಎಷ್ಟು, ಎಲ್ಲ ಒಂದು ಹಾಳೆಯಲ್ಲಿ ಬರೆದು ಮುಂದಿಡು. ಆತ ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಲೆಕ್ಕ ಕಂಡರೆ ಅವನ ಅರ್ಧ ಸಿಟ್ಟು ಇಳಿಯುತ್ತದೆ.

ಈಗ ‘ಬಾ’ ಅನ್ನುವ ವಿಷಯ. ಈ ಬಗೆಯ ಯೋಜನೆಯ ಮೂಲ ಅಮೆರಿಕದ್ದು. ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ವೆಂಡಿ ಕಾಪ್ 1989ರಲ್ಲಿ ತನ್ನ ಕೊನೆಯ ವರ್ಷದ ಪ್ರಬಂಧದಲ್ಲೇ ಇದರ ನಕ್ಷೆ ಹಾಕಿದ್ದಳು. ಒಳ್ಳೆಯ ಪದವೀಧರರು ಎರಡು ವರ್ಷ ಬಡ ಮಕ್ಕಳ ಶಾಲೆಯಲ್ಲಿ ಪಾಠ ಮಾಡಲಿ ಅನ್ನುವುದು ಅವಳ ಯೋಚನೆ. ಮುಂಬೈಯಲ್ಲಿ ಆಕಾಂಕ್ಷಾ ಅಂತ ಸಂಸ್ಥೆ ಕಟ್ಟಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಾಹೀನ್ ಮಿಸ್ತ್ರಿ ಅದನ್ನು ಇಲ್ಲಿಗೆ ತಂದರು. 2009ರಲ್ಲಿ ಮೊದಲ ತಂಡ ಮುಂಬೈ, ಪುಣೆಯ ತರಗತಿಗಳಿಗೆ ಹೋಯಿತು. ಇದೆಲ್ಲ ನಿನಗೆ ಬಾಯಿಪಾಠವಾಗಿದೆ ಅಂತ ಗೊತ್ತು, ಸಂದರ್ಶನಕ್ಕೆ ಓದಿಕೊಂಡಿದ್ದೀಯ. ಆದರೆ ನೀನು ಇದನ್ನು ಬಹುಮಾನದ ಹಾಗೆ ಕಾಯುತ್ತಿದ್ದೀಯ, ಅದು ನನಗೆ ಸರಿ ಕಾಣುವುದಿಲ್ಲ. ‘ಬಾ’ ಅಂದರೆ ಅದರ ಅರ್ಥ ಇಷ್ಟೇ: ಕೆಲವು ವಾರ ತರಬೇತಿ, ಆಮೇಲೆ ಒಂದು ಬೆಳಗ್ಗೆ ಮೂವತ್ತೋ ನಲವತ್ತೋ ಮಕ್ಕಳ ಮುಂದೆ ನೀನೊಬ್ಬಳೇ. ಬೆಂಗಳೂರಿನ ಅಂಥ ಒಂದು ತರಗತಿಯಲ್ಲಿ ಮನೆಯಲ್ಲಿ ತಮಿಳು ಆಡುವವರು, ಉರ್ದು ಆಡುವವರು, ತೆಲುಗಿನವರು, ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ, ರಾಯಚೂರಿನವರ ಮಕ್ಕಳು, ಬಿಹಾರದಿಂದ ಬಂದವರು ಎಲ್ಲ ಇರುತ್ತಾರೆ. ಪುಸ್ತಕ ಇಂಗ್ಲಿಷಿನದು. ಐದನೇ ತರಗತಿ ಅಂತ ಬಾಗಿಲ ಮೇಲೆ ಬರೆದಿರುತ್ತದೆ, ಒಳಗೆ ಅರ್ಧ ಮಕ್ಕಳಿಗೆ ಎರಡನೇ ತರಗತಿಯ ಓದು ಬರುವುದಿಲ್ಲ. ಜೂನ್‌ನಲ್ಲಿ ಹೋದವಳಿಗೆ ದಸರಾ ಹೊತ್ತಿಗೆ ಗಂಟಲು ಕಟ್ಟಿರುತ್ತದೆ.

ನನಗೆ ಈ ಎರಡು ವರ್ಷದ ಲೆಕ್ಕದ ಮೇಲೆ ಒಂದು ತಕರಾರಿದೆ, ಮುಚ್ಚಿಡುವುದಿಲ್ಲ. ಮೊದಲ ವರ್ಷ ಶಿಕ್ಷಕಿ ಕಲಿಯುತ್ತಾಳೆ, ಎರಡನೇ ವರ್ಷ ಮಕ್ಕಳು ಕಲಿಯುತ್ತಾರೆ, ಅಷ್ಟರಲ್ಲಿ ಹೊರಟುಬಿಟ್ಟರೆ ಮುಂದಿನ ಮಕ್ಕಳಿಗೆ ಮತ್ತೆ ಮೊದಲ ವರ್ಷದವರೇ. ಅಲ್ಲಿಂದ ಹೊರಬಂದು ಶಿಕ್ಷಣದ ಕೆಲಸದಲ್ಲೇ ಉಳಿದವರೂ ಇದ್ದಾರೆ, ಅವರನ್ನು ನೋಡಿದರೆ ನನ್ನ ತಕರಾರು ಸ್ವಲ್ಪ ಮೆತ್ತಗಾಗುತ್ತದೆ, ಹೋಗುವುದಿಲ್ಲ. ಇನ್ನೊಂದು ವಿಷಯ ಯಾರೂ ನಿನಗೆ ಹೇಳಿದ ಹಾಗಿಲ್ಲ: ಫೆಲೋಶಿಪ್ ಮುಗಿಸಿದ ಮಾತ್ರಕ್ಕೆ ಕಾಯಂ ಶಿಕ್ಷಕಿಯಾಗುವ ಅರ್ಹತೆ ಬರುವುದಿಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಬೇಕಾದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿರಬೇಕು, ಜೊತೆಗೆ ಒಂದರಿಂದ ಐದನೇ ತರಗತಿಗೆ ಡಿ.ಎಲ್.ಎಡ್‌ನಂಥ ತರಬೇತಿ ಬೇಕು, ಬಿ.ಎಡ್ ನಡೆಯುವುದು ಆರರಿಂದ ಎಂಟನೇ ತರಗತಿಗೆ. ಹಾಗಾಗಿ ‘ಬಾ’ ಅಂದರೂ ಮುಂದಿನ ದಾರಿ ನೀನೇ ನೋಡಿಕೊಳ್ಳಬೇಕು.

ಇಷ್ಟು ಹೇಳಿ ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡ. ಕಾಯುವ ದಿನಗಳಿಗೆ ಕೆಲಸ ಕೊಡುತ್ತಿದ್ದೇನೆ. ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರ ಅನುಮತಿ ಕೇಳಿ, ನಲಿ-ಕಲಿ ಕೋಣೆಯಲ್ಲಿ ಒಂದು ವಾರ ಕೂರು. ನಲಿ-ಕಲಿ ಹುಟ್ಟಿದ್ದು ನಮ್ಮ ಕಡೆಯೇ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಕಾರ್ಡುಗಳನ್ನು, ಕಲಿಕಾ ಏಣಿಯನ್ನು ನೋಡಿಬಂದ ಸಾಮಾನ್ಯ ಮೇಷ್ಟ್ರುಗಳು, ಮೇಡಂಗಳು ಕೂತು ಅದನ್ನು ಕನ್ನಡದ ಮಕ್ಕಳಿಗೆ ಒಗ್ಗಿಸಿದರು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂತು. ಆಮೇಲೆ ಅದರ ಬಗ್ಗೆ ಬೈಗುಳವೂ ಬಂತು, ಅರ್ಧ ಬೈಗುಳ ನ್ಯಾಯವಾದದ್ದೇ. ಆದರೂ ಹೊಸಬರಿಗೆ ಅಷ್ಟು ಕಲಿಸುವ ಕೋಣೆ ಇನ್ನೊಂದಿಲ್ಲ. ಒಂದು, ಎರಡು, ಮೂರನೆಯವರು ಒಟ್ಟಿಗೇ ನೆಲದ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ. ಆ ಗುಂಪಿಗೆ ತಟ್ಟೆ ಅಂತಾರೆ. ಒಂದು ತಟ್ಟೆಯಲ್ಲಿ ಟೀಚರು ಪೂರ್ತಿ ಜೊತೆಗಿರಬೇಕು, ಇನ್ನೊಂದರಲ್ಲಿ ಅರ್ಧಂಬರ್ಧ, ಮತ್ತೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳು ಮಾಡಿದ ಚಿತ್ರಗಳು. ಗೋಡೆಯ ಕೆಳಭಾಗದಲ್ಲಿ ಕಪ್ಪು ಬಣ್ಣ ಬಳಿದ ಗೋಡೆ ಹಲಗೆ, ಒಬ್ಬೊಬ್ಬರಿಗೂ ಅಷ್ಟಷ್ಟು ಜಾಗ.

ಅಲ್ಲಿ ಕೂತು ಎಲ್ಲರನ್ನೂ ನೋಡುವುದಕ್ಕೆ ಹೋಗಬೇಡ. ಒಂದೇ ಮಗು ಹಿಡಿ. ಬೆಳಗ್ಗೆ ಬಂದಾಗಿನಿಂದ ಬಿಸಿಯೂಟದ ಗಂಟೆ ಹೊಡೆಯುವವರೆಗೆ ಆ ಮಗು ಎಷ್ಟು ಸಲ ಕಾರ್ಡು ಎತ್ತಿತು, ಎಷ್ಟು ಹೊತ್ತು ಪಕ್ಕದವನ ಸ್ಲೇಟು ನೋಡಿತು, ಟೀಚರು ಹತ್ತಿರ ಬಂದಾಗ ಏನು ಮಾಡಿತು, ಬರೆದುಕೋ. ಸುಮ್ಮನಿರುವ ಮಗುವಿಗೆ ಅರ್ಥವಾಗಿದೆ ಅಂತ ನಾವು ಅಂದುಕೊಂಡಿರುತ್ತೇವೆ. ಒಂದು ದಿನ ಹೀಗೆ ಪಕ್ಕದಲ್ಲಿ ಕೂತರೆ ಅದು ಎಷ್ಟು ಜಾಣತನದಿಂದ ನಮ್ಮ ಕಣ್ಣು ತಪ್ಪಿಸುತ್ತಿದೆ ಅಂತ ಗೊತ್ತಾಗುತ್ತದೆ. ಯಾವ ತರಬೇತಿಯ ಸ್ಲೈಡಿನಲ್ಲೂ ಇದು ನನಗೆ ಸಿಕ್ಕಿಲ್ಲ. ಬೋರ್ಡಿನ ಮೇಲೆ ಬರೆಯುವುದನ್ನೂ ಅಭ್ಯಾಸ ಮಾಡು. ಕೀಬೋರ್ಡಿನ ಕೈ ನಿನ್ನದು, ಸೀಮೆಸುಣ್ಣ ಹಿಡಿದರೆ ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಮೇಲಕ್ಕೇರುತ್ತದೆ. ಕೂಗದೆ ಹಿಂದಿನ ಸಾಲಿಗೆ ಕೇಳಿಸುವ ಹಾಗೆ ಮಾತಾಡುವುದನ್ನು ಕಲಿ.

ಇದರಲ್ಲಿ ಯಾವುದೂ ‘ಬೇಡ’ ಅಂತ ಬಂದರೆ ವ್ಯರ್ಥವಾಗುವುದಿಲ್ಲ. ಅರ್ಜಿ ಹಾಕಿದವರಲ್ಲಿ ಸಣ್ಣ ಪಾಲಿಗಷ್ಟೇ ಅಲ್ಲಿ ಜಾಗ, ಬೇಡ ಅಂತ ಬರಬಹುದು. ಬಂದ ದಿನ ಅಳು, ಯಾರೂ ತಡೆಯುವುದಿಲ್ಲ. ಮುಂದಿನ ವರ್ಷವೂ ಅರ್ಜಿ ಕರೆಯುತ್ತಾರೆ. ಬಿ.ಎಡ್ ಎರಡು ವರ್ಷದ್ದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದಲ್ಲೇ ಎಂ.ಎ. ಇದೆ. ಟಿಇಟಿಯ ಪ್ರಮಾಣಪತ್ರಕ್ಕೆ ಮೊದಲೆಲ್ಲ ಏಳು ವರ್ಷದ ಆಯಸ್ಸಿತ್ತು, 2021ರಿಂದ ಜೀವನಪೂರ್ತಿ ಮಾಡಿದ್ದಾರೆ. ಬಾಗಿಲುಗಳು ಇವೆ, ಯಾವುದೂ ತಾನಾಗಿ ತೆರೆದುಕೊಳ್ಳುವುದಿಲ್ಲ ಅಷ್ಟೆ.

ಕಾಯುವುದು ಅಂದರೆ ಏನು ಅಂತ ನೋಡಬೇಕಾದರೆ ನಮ್ಮ ಪಕ್ಕದ ಮನೆಗೆ ಬಾ. ಆ ಹುಡುಗಿ ಮೇ 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯ ಪರೀಕ್ಷೆ ಬರೆದಳು, 15,000 ಹುದ್ದೆ ಕರೆದಿದ್ದರು. ಪಟ್ಟಿ ಬಂತು, ಅವಳ ಹೆಸರೂ ಇತ್ತು. ಅಷ್ಟರಲ್ಲಿ ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ಅಪ್ಪನ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಅನ್ನುವ ಜಗಳ ಹೈಕೋರ್ಟಿಗೆ ಹೋಯಿತು. ಆದೇಶ ಕೈಗೆ ಬರುವಾಗ 2023 ಮುಗಿಯುತ್ತ ಬಂದಿತ್ತು. ಆ ವರ್ಷವೆಲ್ಲ ಅವಳು ಬೀದಿಯ ಏಳೆಂಟು ಮಕ್ಕಳನ್ನು ಸಂಜೆ ಜಗುಲಿಯ ಮೇಲೆ ಕೂರಿಸಿಕೊಂಡು ಗಣಿತ ಹೇಳುತ್ತಿದ್ದಳು. ಪೇಪರಿನಲ್ಲಿ ಕೋರ್ಟಿನ ಸುದ್ದಿ ಬಂದ ದಿನ ಮಾತ್ರ ಪಾಠ ಸ್ವಲ್ಪ ಬೇಗ ಮುಗಿಯುತ್ತಿತ್ತು. ಈಗ ಅವಳು ತಾಲ್ಲೂಕಿನ ಕೊನೆಯ ಹಳ್ಳಿಯಲ್ಲಿ ವಿಜ್ಞಾನದ ಟೀಚರು. ಬಸ್ಸು ಸರಿಯಿಲ್ಲ ಅಂತ ದಿನಾ ಗೊಣಗುತ್ತಾಳೆ.

ನಿನಗಾಗಿ ನಮ್ಮ ಬಡಾವಣೆಯ ಶಾಲೆಯ ಹೆಡ್‌ಮಾಸ್ತರ ಹತ್ತಿರ ಮಾತಾಡಿದ್ದೇನೆ. ನನ್ನ ಜೊತೆ ಕೆಲಸ ಮಾಡಿದವರು, ಇಲ್ಲ ಅನ್ನಲಿಲ್ಲ. ಭಾನುವಾರವೇ ಬಂದು ನಮ್ಮಲ್ಲಿ ಉಳಿದುಕೋ, ಸೋಮವಾರ ಪ್ರಾರ್ಥನೆಗೆ ಮುಂಚೆ ಅಲ್ಲಿರಬೇಕು. ಅವತ್ತು ನಲಿ-ಕಲಿ ಟೀಚರಿಗೆ ಮತದಾರರ ಪಟ್ಟಿಯ ಕೆಲಸಕ್ಕೆ ತಾಲ್ಲೂಕು ಕಚೇರಿಯಲ್ಲಿ ಮೀಟಿಂಗ್ ಇದೆಯಂತೆ. ಹೆಡ್‌ಮಾಸ್ತರೇ ಎರಡು ಕೋಣೆ ನೋಡಿಕೊಳ್ಳಬೇಕು. ‘ನಿಮ್ಮ ಹುಡುಗಿ ಸುಮ್ಮನೆ ಕೂತು ನೋಡುವುದಕ್ಕೆ ಮಾತ್ರ ಬರುತ್ತಾಳೋ, ಒಂದು ತಟ್ಟೆ ಹಿಡಿಯುತ್ತಾಳೋ?’ ಅಂತ ಕೇಳಿದರು. ಹಿಡಿಯುತ್ತಾಳೆ ಅಂದಿದ್ದೇನೆ.

ನಿನ್ನ,
ದೊಡ್ಡಮ್ಮ