ಕಂಪನಿ ಡಬ್ಲಿನ್‌ನಲ್ಲಿ, ದೂರು ನಿಮ್ಮೂರಲ್ಲೇ

ಓದಿಗೋ ಐಟಿ ಕೆಲಸಕ್ಕೋ ಯುರೋಪ್ ಸೇರಿರುವ ನಮ್ಮವರು ಒಂದು ಸಂಗತಿ ತಿಳಿದಿರಬೇಕು. ಅಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣಾ ಕಾನೂನು, ಅಂದರೆ ಜಿಡಿಪಿಆರ್, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳುವುದಿಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರೂ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಮೊದಲು ಕಂಪನಿಗೇ ಬರೆಯಿರಿ. ‘ನನ್ನ ಬಗ್ಗೆ ನಿಮ್ಮಲ್ಲಿರುವ ಮಾಹಿತಿಯ ಪ್ರತಿ ಕೊಡಿ’ ಅಥವಾ ‘ಅಳಿಸಿ’ ಎಂಬ ಎರಡು ಸಾಲಿನ ಇಮೇಲ್ ಸಾಕು. ಒಂದು ತಿಂಗಳೊಳಗೆ ಉತ್ತರ ಬರಬೇಕು. ಜಟಿಲ ಕೋರಿಕೆಯಾದರೆ ಅವರು ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ಫೋನಿನಲ್ಲಿ ಮಾತಾಡಿ ಸುಮ್ಮನಾಗಬೇಡಿ. ಕಳಿಸಿದ ಇಮೇಲ್, ಸ್ಕ್ರೀನ್‌ಶಾಟ್ ಎಲ್ಲ ತಾರೀಖಿನ ಸಮೇತ ಎತ್ತಿಡಿ.

ಮುಂದಿನದು ದೂರು. ಬಹಳ ಮಂದಿ ತಡವರಿಸುವುದು ಇಲ್ಲೇ. ಮೆಟಾ, ಟಿಕ್‌ಟಾಕ್‌ಗಳ ಯುರೋಪ್ ಕಚೇರಿ ಡಬ್ಲಿನ್‌ನಲ್ಲಿದೆ, ಅಮೆಜಾನ್‌ನದು ಲಕ್ಸೆಂಬರ್ಗ್‌ನಲ್ಲಿ. ಹಾಗೆಂದು ನೀವು ಅಲ್ಲಿಗೆ ಅಲೆಯಬೇಕಿಲ್ಲ. ವಾಸವಿರುವ ಅಥವಾ ಕೆಲಸ ಮಾಡುವ ಜಾಗದ ದತ್ತಾಂಶ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟರಾಯಿತು, ಅಲ್ಲಿಗೆ ಅವರೇ ದಾಟಿಸುತ್ತಾರೆ. ಜರ್ಮನಿಯಲ್ಲಿ ರಾಜ್ಯಕ್ಕೊಂದು ಪ್ರಾಧಿಕಾರ: ಮ್ಯೂನಿಕ್‌ನವರು ಖಾಸಗಿ ಕಂಪನಿಯ ಮೇಲಿನ ದೂರನ್ನು ಆನ್ಸ್‌ಬಾಖ್‌ನ ಕಚೇರಿಗೆ ಕೊಡಬೇಕು. ಲಂಡನ್‌ನವರಿಗೆ ಹೀಗೆ ದೂರು ದಾಟಿಸುವ ಅನುಕೂಲವಿಲ್ಲ. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ನಿನ ದಾರಿಯೇ ಬೇರೆ.

ಒಳಗೆ ನಡೆಯುವುದು ಇಷ್ಟು. ಕಂಪನಿಯ ಮುಖ್ಯ ಕಚೇರಿ ಇರುವ ದೇಶದ ಪ್ರಾಧಿಕಾರ ತನಿಖೆ ನಡೆಸಿ, ಕರಡು ಆದೇಶವನ್ನು ಸಂಬಂಧಪಟ್ಟ ಉಳಿದವರ ಮುಂದಿಡುತ್ತದೆ. ಆಕ್ಷೇಪಕ್ಕೆ ನಾಲ್ಕು ವಾರ ಅವಕಾಶ. ಒಮ್ಮತ ಮೂಡದಿದ್ದರೆ ಬ್ರಸೆಲ್ಸ್‌ನ ಯುರೋಪಿಯನ್ ದತ್ತಾಂಶ ಸಂರಕ್ಷಣಾ ಮಂಡಳಿ ಹೇಳಿದಂತೆ ನಡೆಯಬೇಕು. ಇದು ಬರೀ ಶಿಷ್ಟಾಚಾರವಲ್ಲ. ವಾಟ್ಸ್‌ಆ್ಯಪ್‌ಗೆ ಐರ್ಲೆಂಡ್ ವಿಧಿಸಹೊರಟಿದ್ದು 3ರಿಂದ 5 ಕೋಟಿ ಯೂರೊ ದಂಡ. ಬೇರೆ ದೇಶಗಳು ತಕರಾರು ತೆಗೆದವು, ಮಂಡಳಿ ದಂಡ ಏರಿಸಲು ಹೇಳಿತು. 2021ರಲ್ಲಿ ಅದು 22.5 ಕೋಟಿಗೆ ಮುಟ್ಟಿತು. ಮೆಟಾ ಮೇಲಿನ ಒಂದು ಪ್ರಕರಣದ ಕರಡಿನಲ್ಲಂತೂ ದಂಡವೇ ಇರಲಿಲ್ಲ. 2023ರಲ್ಲಿ ಕೊನೆಗೆ ಬಿದ್ದದ್ದು 120 ಕೋಟಿ ಯೂರೊ! ದೊಡ್ಡ ಕಂಪನಿಗಳನ್ನು ಒಂದೇ ದೇಶದ ಕೈಗೆ ಬಿಡಬಾರದೆನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಹಲವು ದೇಶ ಸೇರಿದ ಕಡತ ನಿಧಾನ, ವರ್ಷಗಳೇ ಹಿಡಿದಾವು. ಮೂರು ತಿಂಗಳಾದರೂ ದೂರು ಎಲ್ಲಿಗೆ ಬಂತೆಂದು ತಿಳಿಸದಿದ್ದರೆ ಆ ಪ್ರಾಧಿಕಾರದ ವಿರುದ್ಧವೇ ಕೋರ್ಟಿಗೆ ಹೋಗಬಹುದು. ದಂಡದ ಹಣದಲ್ಲಿ ದೂರುದಾರರಿಗೆ ಪಾಲಿಲ್ಲ. ನಿಮಗಾದ ನಷ್ಟಕ್ಕೆ ಪರಿಹಾರ ಬೇಕೆಂದರೆ ಕೋರ್ಟಿನಲ್ಲಿ ಬೇರೆಯೇ ದಾವೆ ಹೂಡಬೇಕು.