ಜೂಜುಗಾರನೂ ಚದುರಂಗದಾಟಗಾರನೂ

ಜೂಜು ಮನುಷ್ಯನನ್ನು ಕೆಡಿಸುತ್ತದೆ, ಚದುರಂಗ ಬುದ್ಧಿಯನ್ನು ಹರಿತಗೊಳಿಸುತ್ತದೆ ಎಂಬುದು ರೂಢಿಯ ಮಾತು. ಎರಡು ಕಿರುಕಾದಂಬರಿಗಳನ್ನು ಜೊತೆಯಲ್ಲಿಟ್ಟು ಓದಿದರೆ ಈ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ದಾಸ್ತೊವ್‌ಸ್ಕಿ ತಾನೇ ರೂಲೆಟ್ ಚಕ್ರದ ಮುಂದೆ ಹಣ ಕಳೆದುಕೊಂಡವನು. ಸಾಲದ ಒತ್ತಡದಲ್ಲಿ, ಪ್ರಕಾಶಕನಿಗೆ ಒಪ್ಪಿದ ಗಡುವು ಮೀರದಂತೆ, 1866ರಲ್ಲಿ ‘ಜೂಜುಗಾರ’ನ ಕಥೆಯನ್ನು 26 ದಿನಗಳಲ್ಲಿ ಹೇಳಿ ಬರೆಯಿಸಿದನು. ಅದರ ನಾಯಕ ಅಲೆಕ್ಸಿ ಒಂದೇ ರಾತ್ರಿಯಲ್ಲಿ ಅಪಾರ ಹಣ ಗೆಲ್ಲುತ್ತಾನೆ. ಆ ಗೆಲುವೇ ಅವನ ಪತನಕ್ಕೆ ಮೊದಲು.

ಸ್ಟೆಫಾನ್ ಜ್ವೈಗನ ಚದುರಂಗದ ಕಥೆ 1942ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾಯಿತು. ನಾತ್ಸಿಗಳ ಏಕಾಂತ ಸೆರೆಯಲ್ಲಿದ್ದ ಡಾಕ್ಟರ್ ಬಿ. ಕದ್ದ ಪುಸ್ತಕವೊಂದರಿಂದ 150 ಆಟಗಳನ್ನು ಕಲಿಯುತ್ತಾನೆ. ಮೊದಲು ಅದು ಅವನ ಮನಸ್ಸನ್ನು ಉಳಿಸುತ್ತದೆ. ಅವು ಹಳತಾದ ಮೇಲೆ ಬಿಳಿಯೂ ಕರಿಯೂ ತಾನೇ ಆಗಿ ಆಡತೊಡಗುತ್ತಾನೆ, ಬುದ್ಧಿ ಭ್ರಮಿಸುತ್ತದೆ.

ಒಂದರಲ್ಲಿ ದೈವ, ಇನ್ನೊಂದರಲ್ಲಿ ಬುದ್ಧಿ. ಬಂಧನ ಮಾತ್ರ ಒಂದೇ. ಭೇದವಿರುವುದು ಕಡೆಯಲ್ಲಿ. ಹಡಗಿನಲ್ಲಿ ವಿಶ್ವವಿಜೇತನೊಡನೆ ಆಡುವಾಗ ಹಳೆಯ ಭ್ರಮೆ ಮರುಕಳಿಸಲು, ಕಥೆ ಹೇಳುವವನು ತೋಳು ಹಿಡಿದು ಎಚ್ಚರಿಸಿದೊಡನೆ ಡಾಕ್ಟರ್ ಬಿ. ಆಟ ಬಿಟ್ಟು ಏಳುತ್ತಾನೆ. ಅಲೆಕ್ಸಿಗೂ ಹಿತ ಹೇಳುವ ಮಿತ್ರನುಂಟು. ಆದರೂ ಅವನು ಬಿಡುವುದನ್ನು ನಾಳೆಗೆ ಮುಂದೂಡುತ್ತಾನೆ. ಆದುದರಿಂದ ಯಾವ ಆಟ ಎಂಬುದಕ್ಕಿಂತಲೂ, ಆಟದಿಂದ ಎದ್ದು ಬರಬಲ್ಲೆವೇ ಎಂಬುದೇ ದೊಡ್ಡ ಪ್ರಶ್ನೆ.