ತಿರುಪಿಲ್ಲದ ದುರ್ಬೀನು ತೋಟಕ್ಕೆ ಆದೀತೇ?



ಮಳೆ ಹಿಡಿದ ಮೇಲೆ ಬೆಳಗ್ಗೆ ತೋಟಕ್ಕೆ ಇಳಿದಾಗ ಮರದ ಬುಡದಲ್ಲಿ ನಾಲ್ಕು ಹಸಿರು ಕಾಯಿ ಬಿದ್ದಿರುವುದನ್ನು ಕಂಡು ಎದೆ ಧಸಕ್ಕೆನ್ನದ ಅಡಿಕೆ ಬೆಳೆಗಾರನಿಲ್ಲ. ಕಾಯಿಯನ್ನು ತಿರುಗಿಸಿ ನೋಡುತ್ತೇವೆ. ತೊಟ್ಟಿನ ಕಡೆ ನೀರು ಕುಡಿದಂತೆ ಕಡುಹಸಿರು ಕಲೆಯಿದ್ದರೆ ಕೊಳೆ ಬಂತೆಂದೇ ಅರ್ಥ. ಆದರೆ ಮೇಲಿರುವ ಮೂರು ಗೊನೆಗಳಲ್ಲಿ ಯಾವುದಕ್ಕೆ ಬಂದಿದೆ, ಪಕ್ಕದ ಮರಗಳ ಗತಿ ಏನು, ಇದು ತಿಳಿಯಬೇಕಾದರೆ ಕೊನೆಗಾರ ಬರಬೇಕು. ಅವನು ಎಂಟು ದಿನದ ಮೇಲೆ ಬರುತ್ತೇನೆ ಎಂದಿರುತ್ತಾನೆ. ಕೊಳೆ ಎಂಟು ದಿನ ಕಾಯುವುದಿಲ್ಲ. ರೋಗ ಹಿಡಿದ ಗೊನೆಯನ್ನು ಬೇಗ ಇಳಿಸಿ, ಉದುರಿದ್ದನ್ನು ಆರಿಸಿ ನಾಶ ಮಾಡಿದಷ್ಟೂ ಉಳಿದದ್ದು ಉಳಿಯುತ್ತದೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಈ ರೋಗದ ವಿಚಾರವಾಗಿ 1910ರಲ್ಲಿಯೇ ಬರೆದು, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಔಷಧಿ ನಮಗೆ ಗೊತ್ತಿದೆ. ಕೊರತೆಯಿರುವುದು ಮರದ ತಲೆಯನ್ನು ಹೊತ್ತಿಗೆ ಸರಿಯಾಗಿ ನೋಡುವ ಕಣ್ಣಿಗೆ.

ಈ ಕಾರಣಕ್ಕೇ ಇತ್ತೀಚೆಗೆ ನಮ್ಮ ಸದಸ್ಯರಲ್ಲಿ ಕೆಲವರು ದುರ್ಬೀನು ಕೊಳ್ಳುವ ಮಾತಾಡುತ್ತಿದ್ದಾರೆ. ಎಲೆಚುಕ್ಕಿ ರೋಗ ಬಂದ ಮೇಲೆ ಈ ಮಾತು ಇನ್ನೂ ಹೆಚ್ಚಾಗಿದೆ. ಕಾಫಿ ತೋಟದವರಿಗೆ ಬೇರೆ ಕಾರಣವುಂಟು: ಆಳುಗಳನ್ನು ಒಳಗೆ ಬಿಡುವ ಮೊದಲು ಎದುರಿನ ಗುಡ್ಡದಲ್ಲಿ ಆನೆ ಇದೆಯೇ ಎಂದು ನೋಡಬೇಕು. ಅಂಗಡಿಗೆ ಹೋದರೆ ಎರಡು ಬಗೆ ತೋರಿಸುತ್ತಾರೆ. ಒಂದರಲ್ಲಿ ಎರಡು ಕೊಳವೆಗಳ ನಡುವೆ ತಿರುಪು ಇರುತ್ತದೆ. ಅದನ್ನು ತಿರುಗಿಸಿ ಚಿತ್ರ ಸ್ಪಷ್ಟ ಮಾಡಿಕೊಳ್ಳಬೇಕು. ಇನ್ನೊಂದರಲ್ಲಿ ತಿರುಪೇ ಇಲ್ಲ. ಫೋಕಸ್ ಫ್ರೀ ಎಂದೋ ಆಟೋ ಫೋಕಸ್ ಎಂದೋ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕಣ್ಣಿಗೆ ಹಿಡಿದರಾಯಿತು, ಎಲ್ಲವೂ ತಾನಾಗಿ ಕಾಣುತ್ತದೆ ಎನ್ನುತ್ತಾರೆ. ಮಾತು ಅರ್ಧ ನಿಜ. ಉಳಿದರ್ಧಕ್ಕೆ ನಾನು ದುಡ್ಡು ಕೊಟ್ಟು ಪಾಠ ಕಲಿತೆ.

ನಾನು ತಂದದ್ದು 10×50 ಎಂಬ ತಿರುಪಿಲ್ಲದ ದುರ್ಬೀನು. ಮನೆಯ ಜಗುಲಿಯಲ್ಲಿ ನಿಂತು ದೂರದ ಗುಡ್ಡ ನೋಡಿದೆ, ಬಲು ಚೆಂದ. ತೋಟಕ್ಕೆ ಇಳಿದು ಅಡಿಕೆ ಗೊನೆಗೆ ಹಿಡಿದೆ, ಎಲ್ಲ ಮಂಜು. ಮಾಲು ಕೆಟ್ಟದ್ದೆಂದು ಬೈದುಕೊಂಡೆ. ಕಾಲೇಜಿನಿಂದ ರಜೆಗೆ ಬಂದಿದ್ದ ಮಗ ಅದನ್ನೇ ಹಿಡಿದು, "ಅಪ್ಪಯ್ಯ, ಚೆನ್ನಾಗೇ ಕಾಣ್ತದಲ್ಲ, ಎರಡನೇ ಗೊನೆಯಲ್ಲಿ ಕಪ್ಪು ಕಾಯಿ ಇದೆ" ಎಂದ. ಒಂದೇ ದುರ್ಬೀನು, ಒಂದೇ ಮರ. ಅವನಿಗೆ ಕಂಡದ್ದು ನನಗೆ ಕಾಣದು. ನನಗೆ ಆಗ ಐವತ್ತೈದು.

ಕಾರಣ ಹೀಗಿದೆ. ತಿರುಪಿಲ್ಲದ ದುರ್ಬೀನು ತಾನಾಗಿ ಏನನ್ನೂ ಹೊಂದಿಸಿಕೊಳ್ಳುವುದಿಲ್ಲ. ಕಾರ್ಖಾನೆಯಲ್ಲಿ ಅದರ ಮಸೂರಗಳನ್ನು ದೂರಕ್ಕೆ ಹೊಂದಿಸಿ ಬಿಗಿದಿರುತ್ತಾರೆ, ಅಷ್ಟೆ. ಹತ್ತಿರದ ವಸ್ತುವನ್ನು ನೋಡುವಾಗ ಹೊಂದಾಣಿಕೆಯ ಕೆಲಸವನ್ನೆಲ್ಲ ನಮ್ಮ ಕಣ್ಣಿನ ಒಳಗಿನ ಮಸೂರವೇ ಉಬ್ಬಿ ಮಾಡಬೇಕು. ಎಳೆಯ ಕಣ್ಣಿಗೆ ಆ ಶಕ್ತಿ ಧಾರಾಳವಾಗಿದೆ. ಕನ್ನಡಕದ ಚೀಟಿಯಲ್ಲಿ ಬರೆಯುವ ಪವರಿನ ಲೆಕ್ಕದಲ್ಲಿಯೇ ಹೇಳುವುದಾದರೆ, ಇಪ್ಪತ್ತರ ಪ್ರಾಯದಲ್ಲಿ ಸುಮಾರು 10, ನಲವತ್ತಕ್ಕೆ 4ರಿಂದ 5, ಐವತ್ತಕ್ಕೆ 2ರ ಆಸುಪಾಸು, ಅರವತ್ತಕ್ಕೆ 1. ನಲವತ್ತು ದಾಟಿದವರು ಸೊಸೈಟಿಯ ಪಾಸ್‌ಬುಕ್ಕನ್ನು ಕೈ ಚಾಚಿ ಹಿಡಿದು ಓದುವುದು ಇದರಿಂದಲೇ. ಪೊರೆ ತೆಗೆಸಿ ಸಾಮಾನ್ಯ ಕೃತಕ ಮಸೂರ ಹಾಕಿಸಿಕೊಂಡವರಿಗೆ ಈ ಉಬ್ಬುವ ಶಕ್ತಿ ಇಲ್ಲವೇ ಇಲ್ಲ.

ಇನ್ನು ದುರ್ಬೀನು ಎಷ್ಟು ಶಕ್ತಿ ಕೇಳುತ್ತದೆ? ಇದಕ್ಕೆ ಸುಲಭವಾದ ಲೆಕ್ಕವೊಂದಿದೆ. ಇದನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಮೋಸ ಹೋಗಲಾರಿರಿ. ದುರ್ಬೀನಿನ ಮೇಲಿನ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದು. ಅದನ್ನು ಅದರಿಂದಲೇ ಗುಣಿಸಿ, ವಸ್ತು ಎಷ್ಟು ಮೀಟರು ದೂರವಿದೆಯೋ ಅದರಿಂದ ಭಾಗಿಸಿ. ಬಂದದ್ದು ಕಣ್ಣು ಒದಗಿಸಬೇಕಾದ ಪವರು. ನನ್ನದು 10ರದ್ದು; ಹತ್ತು ಹತ್ತಲಿ ನೂರು. ಗೊನೆ 14 ಮೀಟರು ಮೇಲಿದೆ. ನೂರನ್ನು 14ರಿಂದ ಭಾಗಿಸಿದರೆ 7. ಮಗನ ಕಣ್ಣಿಗೆ 7 ಸಾಧ್ಯ, ನನ್ನ ಕಣ್ಣಿಗೆ ಎಲ್ಲಿಂದ ಬರಬೇಕು? ಅದೇ ನೂರು ಮೀಟರು ದೂರದ ಗುಡ್ಡಕ್ಕೆ ಬೇಕಾದದ್ದು 1 ಮಾತ್ರ, ಅದಕ್ಕೇ ಗುಡ್ಡ ಚೆಂದ ಕಂಡಿತು. 7 ಪಟ್ಟಿನ ದುರ್ಬೀನಾದರೆ ಏಳೇಳಲಿ 49. ಐವತ್ತು ಮೀಟರಿಗೆ 1, ಅಡಿಕೆ ಗೊನೆಗೆ ಮೂರೂವರೆ. ಪಟ್ಟು ಕಡಿಮೆಯಾದಷ್ಟೂ ತಿರುಪಿಲ್ಲದ ದುರ್ಬೀನು ಹೆಚ್ಚು ದೂರಗಳಿಗೆ ಹೊಂದುತ್ತದೆ ಎಂಬುದು ಇದರಿಂದ ಸ್ಪಷ್ಟ. ಹತ್ತಕ್ಕಿಂತ ಮೇಲಿನದನ್ನು ತಿರುಪಿಲ್ಲದೆ ಮಾರುವುದು ನನ್ನ ಮಟ್ಟಿಗೆ ಅನ್ಯಾಯ. ಕೈನಡುಕವೂ ಅಷ್ಟೇ ಪಟ್ಟು ಹೆಚ್ಚಿ ಕಾಣುತ್ತದೆ.

ಹಾಗಾದರೆ ಯಾರಿಗೆ ಯಾವುದು? ಅಡಿಕೆ ಮರದ ತಲೆ ನೋಡುವುದೇ ಮುಖ್ಯವಾಗಿದ್ದು, ವಯಸ್ಸು ನಲವತ್ತೈದು ದಾಟಿದ್ದರೆ, ನಡುವೆ ತಿರುಪಿರುವ 8×42 ಎಂಬುದನ್ನೇ ಕೊಳ್ಳಿ. ಹದಿನೈದು ಮೀಟರಿನ ಗೊನೆ ಆರಡಿ ದೂರದಲ್ಲಿದ್ದಂತೆ ಕಾಣುತ್ತದೆ. ಕಾಯಿಯ ಹೊಳಪು ಹೋಗಿದೆಯೇ, ಬಿಳಿ ಬೂಸು ಕಟ್ಟಿದೆಯೇ, ಹಿಂಗಾರ ಒಣಗುತ್ತಿದೆಯೇ, ಕೆಳಗಿನ ಸೋಗೆಯಲ್ಲಿ ಚುಕ್ಕಿ ಬಿದ್ದಿದೆಯೇ, ಎಲ್ಲವನ್ನೂ ನಿಂತಲ್ಲಿಂದ ಹೇಳಬಹುದು. ಆದರೆ ತೊಟ್ಟಿನ ಟೊಪ್ಪಿಗೆಯ ಅಡಿಯಲ್ಲಿ ಆಗತಾನೆ ಶುರುವಾದ ಕೊಳೆಯನ್ನು ಯಾವ ದುರ್ಬೀನೂ ತೋರಿಸದು. ಬುಡದ ಉದುರು ನೋಡುವುದನ್ನು ಬಿಡಬೇಡಿ.

ಮರದ ಬುಡದಲ್ಲೇ ನಿಂತು ನೋಡಬೇಕಾಗಿಲ್ಲ. ಹತ್ತು ಮೀಟರು ಹಿಂದೆ ಸರಿದರೆ 14 ಮೀಟರಿನ ಗೊನೆಗೆ ದೂರ 17 ಆಗುತ್ತದೆ ಅಷ್ಟೆ, ಕುತ್ತಿಗೆಗೆ ಮಾತ್ರ ಬಹಳ ಸುಖ. ಇನ್ನೊಂದು ಮರಕ್ಕೆ ಬೆನ್ನು ಕೊಟ್ಟು ನಿಂತರೆ ಕೈಯೂ ಅಲುಗದು. ಸೋಗೆಗಳ ಸಂದಿನಲ್ಲಿ ಸೂರ್ಯ ಇರುವ ದಿಕ್ಕಿಗೆ ಮಾತ್ರ ಎಂದೂ ಹಿಡಿಯಬಾರದು. ಒಂದು ಕ್ಷಣಕ್ಕೆ ಕಣ್ಣು ಹೋಗುತ್ತದೆ, ಮಕ್ಕಳ ಕೈಗೆ ಕೊಡುವಾಗ ಇದನ್ನು ಹೇಳಿಯೇ ಕೊಡಿ.

ಆನೆ, ಹಂದಿ, ಮಂಗ ನೋಡುವುದಕ್ಕೆ ತಿರುಪಿಲ್ಲದ 7×35 ತಕ್ಕದ್ದು. ಹೊದರಿನಲ್ಲಿ ಏನೋ ಅಲುಗಿದಾಗ ತಿರುಪು ಹುಡುಕುತ್ತ ನಿಲ್ಲುವ ಪುರುಸೊತ್ತಿರುವುದಿಲ್ಲ. ಕೈ ಕೆಸರಾಗಿದ್ದರೂ ಅಡ್ಡಿಯಿಲ್ಲ. ಮನೆಯ ಆಳು ನೋಡಿ ನಿಮಗೆ ಕೊಟ್ಟರೆ ಮತ್ತೆ ಹೊಂದಿಸಬೇಕಾಗಿಲ್ಲ. ಸಂಜೆಗತ್ತಲಿಗೆ ಎರಡನೆಯ ಅಂಕಿ ಮುಖ್ಯ. ಅದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅದನ್ನು ಮೊದಲ ಅಂಕಿಯಿಂದ ಭಾಗಿಸಿದಾಗ 5ರಷ್ಟು ಬಂದರೆ ಮಬ್ಬಿನಲ್ಲೂ ಕಾಣುತ್ತದೆ. 7×35ಕ್ಕೆ 5 ಬರುತ್ತದೆ. ಜೇಬಿನಲ್ಲಿ ಹಿಡಿಸುವ 10×25ಕ್ಕೆ ಎರಡೂವರೆ. ಆನೆ ಹೊರಡುವ ಹೊತ್ತಿಗೆ ಅದು ಕುರುಡು. ಒಂದು ಎಚ್ಚರಿಕೆ: ನೂರು ಮೀಟರಿನ ಆನೆಯನ್ನು ದುರ್ಬೀನು 14 ಮೀಟರಿಗೆ ತಂದು ನಿಲ್ಲಿಸುತ್ತದೆ, ಸ್ವಲ್ಪ ಹೊತ್ತು ನೋಡಿದ ಮೇಲೆ ನಿಜದ ದೂರ ಎಷ್ಟೆಂಬ ಅಂದಾಜು ತಪ್ಪುತ್ತದೆ. ನಡುನಡುವೆ ಬರಿಗಣ್ಣಿನಿಂದ ನೋಡಿ, ಹಿಂದೆ ಓಡಲು ದಾರಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕನ್ನಡಕದವರು ಇನ್ನೊಂದು ವಿಷಯ ತಿಳಿದಿರಬೇಕು. ತಿರುಪಿರುವ ದುರ್ಬೀನಿನಲ್ಲಿ ಎರಡು ಕಣ್ಣಿನ ಪವರು ಬೇರೆಯಿದ್ದರೆ ಸರಿಪಡಿಸಲು ಸಾಮಾನ್ಯವಾಗಿ ಬಲಗಣ್ಣಿನ ಕಡೆ ಒಂದು ಬಳೆ ಇರುತ್ತದೆ. ತಿರುಪಿಲ್ಲದ್ದರಲ್ಲಿ ಅದೂ ಇರುವುದಿಲ್ಲ. ದೂರದ ಕನ್ನಡಕ ಹಾಕಿಕೊಂಡೇ ನೋಡಬೇಕು. ಓದುವ ಕನ್ನಡಕ ತೆಗೆಯಬೇಕು. ಎರಡೂ ಕೂಡಿದ ಗಾಜಾದರೆ ಮೇಲಿನ ಭಾಗದಿಂದ. ಕಣ್ಣಿನ ಕಡೆಯ ರಬ್ಬರನ್ನು ಮಡಚಿ, ಕನ್ನಡಕದ ಮೇಲಿಂದ ಇಡೀ ವೃತ್ತ ಕಾಣುತ್ತದೆಯೇ ಪರೀಕ್ಷಿಸಿ.

ಕೊಳ್ಳುವ ದಿನ ಬಳಸುವವರೇ ಅಂಗಡಿಗೆ ಹೋಗಬೇಕು. ಒಳಗೆ ನೋಡಿ ಒಪ್ಪಿಕೊಳ್ಳಬೇಡಿ. ಹೊರಗೆ ಬಂದು ಇಪ್ಪತ್ತು ಹೆಜ್ಜೆ ಅಳೆದು, ಎದುರಿನ ಫಲಕದ ಸಣ್ಣ ಅಕ್ಷರ ಓದಿ. ಅನಂತರ ದೂರದ ಮನೆಯ ಹೆಂಚಿನ ಸಾಲು ನೋಡಿ. ಎರಡೆರಡಾಗಿ ಕಂಡರೆ ಕೊಳವೆಗಳು ಓರೆಯಾಗಿವೆ, ಅದು ತಲೆನೋವಿನ ಮಾಲು. ಗಾಜಿನಲ್ಲಿ ಬೆಳಕು ಕನ್ನಡಿಯಂತೆ ಬೆಳ್ಳಗೆ ಹೊಳೆಯದೆ ಹಸಿರೋ ನೇರಳೆಯೋ ಆಗಿ ಮಂದವಾಗಿ ಕಂಡರೆ ಒಳ್ಳೆಯ ಲೇಪವಿದೆ. ಕೆಂಪಗೆ ಹೊಳೆಯುವುದು ನೋಟಕ್ಕೆ ಅಂದ, ಕೆಲಸಕ್ಕೆ ಕಡೆ.

ನಮ್ಮ ಮಳೆಗಾಲಕ್ಕೆ ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ್ದು ಸಿಕ್ಕಿದರೆ ಸ್ವಲ್ಪ ಹೆಚ್ಚು ಬೆಲೆಯಾದರೂ ಲೇಸು. ಇಲ್ಲವಾದರೆ ಎರಡು ಮಳೆಗಾಲದೊಳಗೆ ಗಾಜಿನ ಒಳಮೈಗೆ ಬೂಸು ಜೇಡರ ಬಲೆಯಂತೆ ಹಬ್ಬುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳಿನ ಪೊಟ್ಟಣದೊಂದಿಗೆ ಇಡಿ. ಹರಳು ತೇವ ಹೀರಿ ಬಣ್ಣ ತಿರುಗಿದಾಗ ಹೊಸದನ್ನು ಹಾಕಿ. ಬೋರ್ಡೋ ಹೊಡೆಯುವ ದಿನ ಕುತ್ತಿಗೆಗೆ ನೇತುಹಾಕಿಕೊಂಡು ತಿರುಗಬೇಡಿ. ಗಾಜಿನ ಮೇಲೆ ಸಿಡಿದು ಒಣಗಿದ ಸುಣ್ಣವನ್ನು ಪಂಚೆಯ ತುದಿಯಿಂದ ಉಜ್ಜಿದರೆ ಗೀರು ಬಿದ್ದೇ ಬೀಳುತ್ತದೆ. ಮೊದಲು ಊದಿ, ನೀರು ತಾಗಿಸಿ ನೆನೆಸಿ, ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಬೇಕು.

ನನ್ನ 10×50 ಮನೆಯಲ್ಲೇ ಇದೆ. ಕಾಫಿ ಕಣದ ಮೂಲೆಯಿಂದ ಆಚೆ ಗುಡ್ಡದ ಬೇಲಿ ನೋಡುವುದಕ್ಕೆ ಅದನ್ನು ಬಳಸುತ್ತೇವೆ. ಅಡಿಕೆಗೆ ಬೇರೆ ತಂದೆ, ತಿರುಪಿರುವಂಥದ್ದು.